ಒಂದೇ ಗಂಟು, ಹಲವು ಕುಲ

ಎಡ್ಮಂಟನ್ ನಗರ ಬಿಟ್ಟು ಉತ್ತರಕ್ಕೆ ಹೊರಟರೆ ಅರ್ಧ ಗಂಟೆಯೊಳಗೆ ಕಟ್ಟಡಗಳು ಮುಗಿದು ಹಳದಿ ಶುರುವಾಗುತ್ತದೆ. ಕೆನಡಾದ ಆಲ್ಬರ್ಟಾ ಪ್ರಾಂತ್ಯ, ಸ್ಟರ್ಜನ್ ಕೌಂಟಿ, ಜುಲೈ ತಿಂಗಳು. ಕ್ಯಾನೋಲಾ ಹೂ ಬಿಟ್ಟಿದೆ. ನೆಲ ಸಪಾಟಾಗಿ ಕಣ್ಣು ಹೋಗುವಷ್ಟು ದೂರ ಹೋಗಿದೆ. ಉತ್ತರ-ದಕ್ಷಿಣವಾಗಿ ಮೈಲಿಗೊಂದು, ಪೂರ್ವ-ಪಶ್ಚಿಮವಾಗಿ ಎರಡು ಮೈಲಿಗೊಂದು ಜಲ್ಲಿ ರಸ್ತೆ; ನಡುವೆ ನೂರಾ ಅರವತ್ತು ಎಕರೆಯ ತುಂಡುಗಳು. ಅಲ್ಲಿಯವರು ಒಂದೊಂದು ತುಂಡಿಗೂ ‘ಕ್ವಾರ್ಟರ್’ ಅನ್ನುತ್ತಾರೆ. ಇಂಥ ಹತ್ತು ಹದಿನೈದು ಕ್ವಾರ್ಟರ್ ಉಳುವ ರೈತ ಅಲ್ಲಿ ದೊಡ್ಡ ಜಮೀನ್ದಾರನೇನಲ್ಲ. ಹೊಲದ ಅಂಚಿಗೆ ನಿಂತರೆ ಸಾಸಿವೆ ಹೂವಿನ ಘಮಕ್ಕೆ ಒಂದಿಷ್ಟು ಘಾಟು ಬೆರೆತು ಮೂಗಿಗೆ ಬಡಿಯುತ್ತದೆ, ಜೇನುನೊಣಗಳ ಗುಂಯ್ ಸದ್ದು ಬಿಟ್ಟೂಬಿಡದೆ ಕೇಳುತ್ತದೆ. ರಾತ್ರಿ ಹತ್ತರವರೆಗೂ ಬೆಳಕು. ದೂರದಲ್ಲಿ ಕಾಳು ತುಂಬುವ ಉಕ್ಕಿನ ಕಣಜಗಳು ಬಿಸಿಲಿಗೆ ಮಿಂಚುತ್ತ ಸಾಲಾಗಿ ನಿಂತಿವೆ.

ಹೂವು ಉದುರಿ ಕಾಯಿ ಕಟ್ಟುವ ಹೊತ್ತಿಗೆ, ಎಂದರೆ ಆಗಸ್ಟಿನಲ್ಲಿ, ಇದೇ ಹೊಲದ ಗೇಟಿನ ಹತ್ತಿರ ಒಂದು ಜಾಗ ಬೇರೆಯಾಗಿ ಕಾಣತೊಡಗುತ್ತದೆ. ಸುತ್ತಲಿನ ಬೆಳೆ ಇನ್ನೂ ಹಸಿರಾಗಿದ್ದರೆ ಅಲ್ಲಿ ಮಾತ್ರ ಗಿಡಗಳು ಮುಂಚಿತವಾಗಿ ಹಣ್ಣಾಗಿವೆ. ಎಲೆ ಬಾಡಿದೆ, ಕಾಯಿ ಸೊಟ್ಟಗಿದೆ, ಒಳಗೆ ಕಾಳು ಜೊಳ್ಳು. ಮೊದಲ ಸಲ ನೋಡುವವರು ಬರ ಬಡಿದಿದೆ ಅಂದುಕೊಳ್ಳುತ್ತಾರೆ. ಬರವೇ ಆಗಿದ್ದರೆ ಅದು ಗೇಟಿನ ಹತ್ತಿರವೇ ಯಾಕೆ ಬರಬೇಕು?

ಒಂದು ಗಿಡವನ್ನು ಬುಡ ಹಿಡಿದು ಕೀಳಿ. ಆರೋಗ್ಯದ ಕ್ಯಾನೋಲಾಕ್ಕೆ ನೇರ ತಾಯಿಬೇರು, ಅದರ ಸುತ್ತ ನವಿರಾದ ಕವಲುಬೇರುಗಳು ಇರಬೇಕು. ಈ ಗಿಡಕ್ಕೆ ಅವು ಯಾವುವೂ ಇಲ್ಲ. ಮಣ್ಣು ಕೊಡವಿದಾಗ ಕೈಗೆ ಬರುವುದು ಹಸಿ ಶುಂಠಿಯ ಹಾಗೆ ಉಬ್ಬಿ, ಬೆರಳು ಬೆರಳಾಗಿ ಕವಲೊಡೆದ ಮಾಂಸಲ ಗಡ್ಡೆ. ಹೊರಗೆ ಮಣ್ಣು ಬಣ್ಣ. ಚಾಕುವಿನಿಂದ ಸೀಳಿದರೆ ಒಳಗೆ ಅಮೃತಶಿಲೆಯ ಬಿಳುಪು, ನಡುನಡುವೆ ಮಾಸಲು ಕಲೆಗಳು. ಇನ್ನೆರಡು ವಾರ ಬಿಟ್ಟು ಬಂದರೆ ಅದೇ ಗಡ್ಡೆ ಕಂದಾಗಿ, ಮೆತ್ತಗಾಗಿ, ಕೊಳೆತ ಎಲೆಕೋಸಿನ ನಾತ ಹೊಡೆಯುತ್ತ ಮಣ್ಣಿನಲ್ಲೇ ಕರಗುತ್ತಿರುತ್ತದೆ. ಕರಗುವಾಗ ಅದು ಮಣ್ಣಿಗೆ ಬಿಟ್ಟುಹೋಗುವುದು ಬೀಜಾಣುಗಳನ್ನು. ಒಂದೊಂದರ ಅಡ್ಡಗಲ ಮಿಲಿಮೀಟರಿನ ಸಾವಿರದಲ್ಲಿ ಮೂರು ಪಾಲು. ಒಂದು ಗ್ರಾಂ ಗಡ್ಡೆಯಲ್ಲಿ ನೂರು ಕೋಟಿಗೂ ಮೇಲೆ.

ಈ ರೋಗಕ್ಕೆ ಕ್ಲಬ್‌ರೂಟ್ ಎಂದು ಹೆಸರು. ನಮ್ಮ ರೈತರು ಟೊಮೆಟೊ, ಬದನೆ ಕಿತ್ತಾಗ ನೋಡುವ ಬೇರುಗಂಟು ಇದಲ್ಲ. ಅದನ್ನು ಮಾಡುವುದು ದುಂಡುಜಂತು. ಕ್ಲಬ್‌ರೂಟ್ ಮಾಡುವ ಜೀವಿ ಹುಳುವಲ್ಲ, ಬ್ಯಾಕ್ಟೀರಿಯಾ ಅಲ್ಲ, ಬಹುಕಾಲ ಶಿಲೀಂಧ್ರಗಳ ಪಟ್ಟಿಯಲ್ಲಿ ಕೂತಿದ್ದರೂ ಶಿಲೀಂಧ್ರವೂ ಅಲ್ಲ. ಪ್ಲಾಸ್ಮೋಡಿಯೋಫೋರಾ ಬ್ರಾಸಿಕೇ ಎಂಬ ಏಕಕೋಶ ಜೀವಿ. ಅದಕ್ಕೆ ಬೇಕಾದದ್ದು ಕೋಸಿನ ಕುಟುಂಬದ ಬೇರು. ಎಲೆಕೋಸು, ಹೂಕೋಸು, ನವಿಲುಕೋಸು, ಮೂಲಂಗಿ, ಟರ್ನಿಪ್, ಸಾಸಿವೆ, ಕ್ಯಾನೋಲಾ ಎಲ್ಲವೂ ಆ ಕುಟುಂಬಕ್ಕೆ ಸೇರಿದವೇ. ಭಾರತದಲ್ಲೂ ಇದು ಅಪರಿಚಿತವಲ್ಲ. ಡಾರ್ಜಿಲಿಂಗ್ ಬೆಟ್ಟಗಳ ಕೋಸಿನಲ್ಲಿ, ಪಶ್ಚಿಮ ಬಂಗಾಳದ ಸಾಸಿವೆಯಲ್ಲಿ ಕಾಣಿಸಿಕೊಂಡಿದೆ. ಮಣ್ಣು ಹುಳಿಯಾಗಿದ್ದು, ತೇವ ನಿಂತಿದ್ದು, ಹವೆ ಹದವಾಗಿದ್ದರೆ ಅದಕ್ಕೆ ಹಬ್ಬ.

ಇದನ್ನು ಮೊದಲು ಬಯಲಿಗೆಳೆದವನು ರಷ್ಯಾದ ಸಸ್ಯವಿಜ್ಞಾನಿ ಮಿಖಾಯಿಲ್ ವೊರೊನಿನ್. 1870ರ ದಶಕದಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ಸುತ್ತಲಿನ ತೋಟಗಳಲ್ಲಿ ಎಲೆಕೋಸು ಬೆಳೆ ಮಣ್ಣುಪಾಲಾಗುತ್ತಿತ್ತು. ಕೋಸಿನ ಸೂಪು, ಕೋಸಿನ ಹುಳಿ ಉಪ್ಪಿನಕಾಯಿ ಇಲ್ಲದೆ ಚಳಿಗಾಲ ಕಳೆಯಲಾಗದ ಊರು ಅದು. ವೊರೊನಿನ್ ವರ್ಷಗಟ್ಟಲೆ ಬೇರು ಸೀಳಿ, ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿ, 1878ರಲ್ಲಿ ತನ್ನ ದೀರ್ಘ ಪ್ರಬಂಧ ಪ್ರಕಟಿಸಿದ. ರೋಗದ ಬೇರುಗಳನ್ನು ಸುಡಿ, ನಾಟಿಗೆ ಮುಂಚೆ ಸಸಿ ಪರೀಕ್ಷಿಸಿ, ಬೆಳೆ ಬದಲಿಸಿ ಎಂದು ಆತ ಹೇಳಿದ್ದ. ಅವತ್ತಿನ ಸಲಹೆಗೂ ಇವತ್ತು ಆಲ್ಬರ್ಟಾದ ಕೃಷಿ ಅಧಿಕಾರಿ ಹೇಳುವುದಕ್ಕೂ ದೊಡ್ಡ ಅಂತರವಿಲ್ಲ.

ಮಣ್ಣಿನೊಳಗೆ ನಡೆಯುವುದು ಹೀಗೆ. ಬೀಜಾಣು ನಿದ್ದೆ ಮಾಡುತ್ತಿರುತ್ತದೆ. ಹತ್ತಿರದಲ್ಲಿ ಬೇರು ಚಿಗುರಿ, ಅದು ಒಸರುವ ರಸ ತಾಕಿದಾಗ ಎಚ್ಚರವಾಗುತ್ತದೆ. ಎರಡು ಬಾಲಗಳ ಪುಟ್ಟ ಈಜುಗಾರನೊಂದು ಹೊರಬಿದ್ದು, ಮಣ್ಣುಕಣಗಳ ನಡುವಿನ ನೀರಿನ ಪದರದಲ್ಲಿ ಈಜಿ ಬೇರಿನ ರೋಮಕ್ಕೆ ಅಂಟಿಕೊಳ್ಳುತ್ತದೆ. ಅದರ ಒಳಗೊಂದು ಮೊನಚಾದ ಮುಳ್ಳಿದೆ. ಅಂಟಿ ಕೂತ ಮೇಲೆ ಆ ಮುಳ್ಳು ರೋಮದ ಗೋಡೆಯನ್ನು ಕ್ಷಣಾರ್ಧದಲ್ಲಿ ಚುಚ್ಚುತ್ತದೆ, ಜೀವರಸವೆಲ್ಲ ಆ ಕಿಂಡಿಯಿಂದ ಒಳಕ್ಕೆ ಹರಿಯುತ್ತದೆ. ಇದು ಮೊದಲ ಹಂತ. ಅಲ್ಲಿ ಮರಿ ಹಾಕಿ, ಎರಡನೆಯ ತಲೆಮಾರು ಬೇರಿನ ಒಳಪದರಕ್ಕೆ ನುಗ್ಗುತ್ತದೆ. ಆಮೇಲೆ ಗಿಡದ್ದೇ ಹಾರ್ಮೋನುಗಳಾದ ಆಕ್ಸಿನ್, ಸೈಟೊಕೈನಿನ್‌ಗಳ ಲೆಕ್ಕ ತಪ್ಪಿಸುತ್ತದೆ. ಕೋಶಗಳು ಮಿತಿಯಿಲ್ಲದೆ ಒಡೆದು, ಊದಿ, ಎಲೆಯಲ್ಲಿ ತಯಾರಾದ ಸಕ್ಕರೆ ಕೆಳಗಿಳಿದು ಗಡ್ಡೆ ಸೇರುತ್ತದೆ. ಮೇಲೆ ಗಿಡ ಬಾಯಾರಿ ಬಾಡುತ್ತದೆ.

ಗಿಡವೇನೂ ಸುಮ್ಮನೆ ಕೂರುವುದಿಲ್ಲ. ಅಪಾಯ ಬಂದಾಗ ಸ್ಯಾಲಿಸಿಲಿಕ್ ಆಮ್ಲ ತಯಾರಿಸಿ ರಕ್ಷಣೆಯ ಕೂಗೆಬ್ಬಿಸುವುದು ಅದರ ರೂಢಿ. ಈ ಪರಾವಲಂಬಿಯ ಬಳಿ ಅದಕ್ಕೊಂದು ಕಿಣ್ವವಿದೆ. ಸ್ಯಾಲಿಸಿಲಿಕ್ ಆಮ್ಲಕ್ಕೆ ಅದು ಚಿಕ್ಕದೊಂದು ಬಾಲ ಅಂಟಿಸಿ ಮಿಥೈಲ್ ಸ್ಯಾಲಿಸಿಲೇಟ್ ಮಾಡಿಬಿಡುತ್ತದೆ. ನೋವಿನ ಮುಲಾಮುಗಳಿಗೆ ಹಾಕುವ ಗಂಧಪುರ ತೈಲದಲ್ಲಿರುವುದು ಇದೇ ವಸ್ತು. ಕೂಗು ಹೀಗೆ ಆವಿಯಾಗಿ ಹಾರಿಹೋಗುತ್ತದೆ. ಹಗೆಯಾದರೂ ಇದರ ಜಾಣತನಕ್ಕೆ ತಲೆದೂಗದೆ ಇರಲಾಗದು.

ಆಲ್ಬರ್ಟಾದ ಕ್ಯಾನೋಲಾಕ್ಕೆ ಈ ರೋಗ ಬಂದದ್ದು ತಿಳಿದದ್ದು 2003ರಲ್ಲಿ. ಎಡ್ಮಂಟನ್ ಬಳಿಯ ಒಂದು ಡಜನ್ ಹೊಲಗಳಲ್ಲಿ ಗಡ್ಡೆ ಸಿಕ್ಕಿತು. ಮನೆಗಳ ಹಿತ್ತಿಲ ಕೋಸಿನಲ್ಲಿ ಅದಕ್ಕೂ ಹಿಂದೆಯೇ ಇತ್ತು. ಹಿತ್ತಿಲ ರೋಗವೆಂದು ಯಾರೂ ತಲೆಕೆಡಿಸಿಕೊಂಡಿರಲಿಲ್ಲ. ಆದರೆ ಕ್ಯಾನೋಲಾ ಹಿತ್ತಿಲ ಬೆಳೆಯಲ್ಲ. ಬಾಲ್ಡರ್ ಸ್ಟೆಫಾನ್ಸನ್, ಕೀತ್ ಡೌನಿ ಮೊದಲಾದವರು ಕಹಿ ರೇಪ್‌ಸೀಡನ್ನು ಒಗ್ಗರಣೆಗೆ ಒಗ್ಗುವ ಎಣ್ಣೆಕಾಳಾಗಿ ಪಳಗಿಸಿದ್ದು 1970ರ ದಶಕದಲ್ಲಿ. ಈಗ ಅದು ಕೆನಡಾದಲ್ಲಿ ಎರಡು ಕೋಟಿ ಎಕರೆಗೂ ಮೇಲೆ ಹಬ್ಬಿದೆ. ಎಡ್ಮಂಟನ್‌ನಲ್ಲಿ ನೆಲೆಸಿದ ಕನ್ನಡಿಗರ ಬಾಣಲೆಯಲ್ಲಿ ಸಾಸಿವೆ ಸಿಡಿಯುವುದೂ ಬಹುಮಟ್ಟಿಗೆ ಇದೇ ಎಣ್ಣೆಯಲ್ಲಿ, ಎಂದರೆ ಸೋದರಸಂಬಂಧಿಯ ಎಣ್ಣೆಯಲ್ಲಿ.

ರೋಗ ಹೊಲದಿಂದ ಹೊಲಕ್ಕೆ ಹೋದದ್ದು ಗಾಳಿಯಲ್ಲಲ್ಲ, ಮುಖ್ಯವಾಗಿ ಉಳುವ ಯಂತ್ರಗಳ ಹಲ್ಲಿಗೆ, ಟ್ರ್ಯಾಕ್ಟರ್ ಚಕ್ರಕ್ಕೆ, ತೈಲ ಬಾವಿ ಕೊರೆಯಲು ಬಂದ ಲಾರಿಗಳಿಗೆ ಮೆತ್ತಿದ ಮಣ್ಣಿನಲ್ಲಿ. ಯಂತ್ರ ಹೊಲದೊಳಗೆ ಬರುವುದು ಗೇಟಿನಿಂದ. ಮೊದಲ ಹೆಂಟೆ ಕಳಚಿ ಬೀಳುವುದೂ ಅಲ್ಲೇ. ಗೇಟಿನ ಹತ್ತಿರವೇ ಗಿಡ ಬಾಡುವುದು ಅದಕ್ಕೇ.

2007ರಲ್ಲಿ ಆಲ್ಬರ್ಟಾ ಇದನ್ನು ಕಾನೂನಿನ ಪ್ರಕಾರ ಪೀಡೆ ಎಂದು ಘೋಷಿಸಿತು. 2009ರಲ್ಲಿ ಮೊದಲ ನಿರೋಧಕ ತಳಿ ಬಂತು, ಹೆಸರು 45ಎಚ್29. ಅದರ ಬೆನ್ನಿಗೆ ಇನ್ನಷ್ಟು ತಳಿಗಳು ಬಂದವು. ರೈತರಿಗೆ ಜೀವ ಬಂದ ಹಾಗಾಯಿತು. ರೋಗವಿದ್ದ ಹೊಲದಲ್ಲೇ ಬಿತ್ತಿದರೂ ಬೇರು ಸ್ವಚ್ಛ. ಗೋಧಿ, ಕ್ಯಾನೋಲಾ, ಗೋಧಿ, ಕ್ಯಾನೋಲಾ ಎಂಬ ಹಳೆಯ ಲಯ ಮತ್ತೆ ಶುರುವಾಯಿತು. ಅವರನ್ನು ದೂರುವುದು ಸುಲಭ. ಸಾಲದ ಕಂತು ಕಟ್ಟಬೇಕಾದವನಿಗೆ ಬಟಾಣಿ, ಬಾರ್ಲಿಗಳಲ್ಲಿ ಕ್ಯಾನೋಲಾದಷ್ಟು ದುಡ್ಡಿಲ್ಲ.

ನಾಲ್ಕೇ ವರ್ಷ. 2013ರಲ್ಲಿ ನಿರೋಧಕ ತಳಿ ಬಿತ್ತಿದ ಹೊಲಗಳಲ್ಲೇ ಗಡ್ಡೆ ಕಾಣಿಸಿತು.

ಆಲ್ಬರ್ಟಾ ವಿಶ್ವವಿದ್ಯಾಲಯದಲ್ಲಿ ಸ್ಟೀಫನ್ ಸ್ಟ್ರೆಲ್ಕೊವ್ ಅವರ ತಂಡ ಈ ಗಡ್ಡೆಗಳ ಜಾತಕ ಬರೆಯುವ ಕೆಲಸ ಮಾಡುತ್ತ ಬಂದಿದೆ. ಕ್ಲಬ್‌ರೂಟಿನ ಜೀವಿಯನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಲು ಬರುವುದಿಲ್ಲ. ಅದಕ್ಕೆ ಜೀವಂತ ಬೇರೇ ಬೇಕು. ಆದ್ದರಿಂದ ಅದರ ಕುಲ ಗುರುತಿಸಬೇಕಾದರೆ ನೂರಾರು ಸಸಿಗಳಿಗೆ ರೋಗ ಬರಿಸಿ ನೋಡಬೇಕು. ಶೀತಪೆಟ್ಟಿಗೆಯಲ್ಲಿ ಸೊನ್ನೆಗಿಂತ 20 ಡಿಗ್ರಿ ಕೆಳಗೆ ಇಟ್ಟ ಗಡ್ಡೆಯನ್ನು ತೆಗೆದು, ನೀರಲ್ಲಿ ಅರೆದು, ಬಟ್ಟೆಯಲ್ಲಿ ಸೋಸಿ, ಗಾಜಿನ ಚೌಕುಳಿಯ ಮೇಲೆ ಬೀಜಾಣು ಎಣಿಸಿ, ಮಿಲಿಲೀಟರಿಗೆ ಒಂದು ಕೋಟಿ ಬರುವ ಹಾಗೆ ತಿಳಿಮಾಡುತ್ತಾರೆ. ವಾರದ ಸಸಿಯ ಬೇರನ್ನು ಅದರಲ್ಲಿ ಅದ್ದಿ ಕುಂಡಕ್ಕೆ ನೆಡುತ್ತಾರೆ. ಹಸಿರುಮನೆಯಲ್ಲಿ ಆರು ವಾರ. ಹೊರಗೆ ಹಿಮ ಬೀಳುತ್ತಿದ್ದರೂ ಒಳಗೆ ದೀಪದ ಬೆಳಕಲ್ಲಿ ಸಸಿಗಳು ಎಲೆ ಬಿಡುತ್ತಿರುತ್ತವೆ. ಮೇಲಿಂದ ನೋಡಿದರೆ ಯಾವುದು ಸತ್ತೀತು ಯಾವುದು ಬದುಕೀತು ಹೇಳಲಾಗದು. ಆರು ವಾರ ಕಳೆದ ಮೇಲೆ ಕುಂಡ ಮಗುಚಿ, ನಲ್ಲಿಯ ಕೆಳಗೆ ಬೇರು ತೊಳೆದು, ಒಂದೊಂದಕ್ಕೂ ಅಂಕ ಕೊಡುತ್ತ ಹೋಗುತ್ತಾರೆ. ಬೇರು ಸ್ವಚ್ಛವಿದ್ದರೆ ಸೊನ್ನೆ. ಅಲ್ಲಲ್ಲಿ ಸಣ್ಣ ಗಂಟಿದ್ದರೆ ಒಂದು, ಇನ್ನಷ್ಟಿದ್ದರೆ ಎರಡು. ಬೇರೆಲ್ಲ ಗಡ್ಡೆಯಾಗಿದ್ದರೆ ಮೂರು.

ಯಾವ ಯಾವ ಸಸಿಗೆ ಎಷ್ಟೆಷ್ಟು ಅಂಕ ಬಿತ್ತು ಎಂಬುದೇ ಆ ಕುಲದ ಹೆಸರು. 1966ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನ ಪಾಲ್ ವಿಲಿಯಮ್ಸ್ ಇದಕ್ಕೆ ನಾಲ್ಕು ಗಿಡಗಳ ಸಾಲು ಗೊತ್ತುಮಾಡಿದ: ಎರಡು ಎಲೆಕೋಸು, ಎರಡು ರುಟಬಾಗ. ನಾಲ್ಕರಲ್ಲಿ ಯಾವುದಕ್ಕೆ ರೋಗ ಬಂತು ಯಾವುದಕ್ಕಿಲ್ಲ ಎಂದು ಜೋಡಿಸಿದರೆ ಹದಿನಾರು ಕುಲಗಳವರೆಗೆ ಎಣಿಸಬಹುದು. ದಶಕಗಳ ಕಾಲ ಅದು ಸಾಕಾಗಿತ್ತು. ಆದರೆ 2013ರ ಗಡ್ಡೆಗಳನ್ನು ಈ ಸಾಲಿಗೆ ಒಡ್ಡಿದಾಗ ಬಂದ ಉತ್ತರ, ಇದು ಐದನೆಯ ಕುಲ, ಹಳೆಯದೇ. ಹಳೆಯದೇ ಆಗಿದ್ದರೆ ನಿರೋಧಕ ತಳಿಯನ್ನು ಹೇಗೆ ಮುರಿಯಿತು? ವಿಲಿಯಮ್ಸನ ನಾಲ್ಕು ಗಿಡಗಳಿಗೆ ಆ ವ್ಯತ್ಯಾಸ ಕಾಣಿಸುವ ಕಣ್ಣೇ ಇರಲಿಲ್ಲ. ತಾತ್ಕಾಲಿಕವಾಗಿ ಅದಕ್ಕೆ ‘5ಎಕ್ಸ್’ ಎಂದು ಬಾಲ ಸೇರಿಸಿದರು. ಆಮೇಲೆ ಸ್ಟ್ರೆಲ್ಕೊವ್ ತಂಡ ಹದಿಮೂರು ಗಿಡಗಳ ಹೊಸ ಸಾಲು ಕಟ್ಟಿ 2018ರಲ್ಲಿ ಪ್ರಕಟಿಸಿತು. ಆ 45ಎಚ್29 ತಳಿಯೂ ಅದರಲ್ಲಿ ಒಂದು. ಹಳೆಯ ಸಾಲಿನಲ್ಲಿ ಐದೇ ಕುಲವಾಗಿ ಕಂಡಿದ್ದ ಗಡ್ಡೆಗಳು ಹೊಸ ಸಾಲಿನಲ್ಲಿ ಹದಿನೇಳಾಗಿ ಒಡೆದವು. ಎಲ್ಲ ಕಡೆ ಹಬ್ಬಿದ್ದ ಹಳೆಯ ಮೂರನೆಯ ಕುಲ ‘3ಎಚ್’ ಆಯಿತು. ಅದರದೇ ಮುಖವಿಟ್ಟುಕೊಂಡು ನಿರೋಧಕ ತಳಿಗಳನ್ನು ನುಂಗುತ್ತಿದ್ದದ್ದು ‘3ಎ’.

ಇಷ್ಟಾದರೂ ಈ ಲೆಕ್ಕದಲ್ಲಿ ಒಂದು ತೊಡಕಿದೆ. ನನ್ನ ಮಟ್ಟಿಗೆ ಇಡೀ ಕಥೆಯ ತಿರುಳಿರುವುದೂ ಅಲ್ಲೇ. ಒಂದು ಗಡ್ಡೆ ಎಂದರೆ ಒಂದು ಕುಲವಲ್ಲ. ಒಂದೇ ಬೇರಿಗೆ ಹಲವು ಬೀಜಾಣುಗಳು ನುಗ್ಗಿರುತ್ತವೆ, ಹಲವು ವಂಶದವು. ಅರೆದು ಸೋಸಿ ಪರೀಕ್ಷೆ ಮಾಡಿದಾಗ ಬರುವ ಉತ್ತರ ಗುಂಪಿನ ಸರಾಸರಿ. ಒಂದೇ ಒಂದು ಬೀಜಾಣುವಿನ ಸಂತಾನ ಬೇಕೆಂದರೆ ದ್ರವವನ್ನು ತೆಳು ಮಾಡುತ್ತ ಮಾಡುತ್ತ ಹೋಗಿ, ಸೂಕ್ಷ್ಮದರ್ಶಕದಲ್ಲಿ ಒಂದೇ ಬೀಜಾಣು ಕಾಣುವ ಹನಿ ಹುಡುಕಿ, ಆ ಹನಿಯನ್ನು ಎಳೆಯ ಸಸಿಯ ಬೇರಿಗೆ ಮುಟ್ಟಿಸಬೇಕು. ಬಹಳಷ್ಟು ಸಸಿಗಳಲ್ಲಿ ಏನೂ ಆಗುವುದಿಲ್ಲ. ಆದ ಕೆಲವನ್ನು ಬೆಳೆಸಿ ನೋಡಿದರೆ ಒಂದೇ ಹೊಲದಿಂದ ತಂದದ್ದರಲ್ಲೂ ಬೇರೆ ಬೇರೆ ಕುಲಗಳು ಸಿಗುತ್ತವೆ.

ಅಂದಮೇಲೆ 2009ರಲ್ಲಿ ನಿಜವಾಗಿ ನಡೆದದ್ದು ಏನು? ಮಣ್ಣಿನಲ್ಲಿ ಕೋಟಿ ಕೋಟಿ ಬೀಜಾಣುಗಳ ನಡುವೆ ಆ ತಳಿಗೆ ನಿರೋಧ ಕೊಟ್ಟ ಜೀನನ್ನು ದಾಟಬಲ್ಲವು ವಿರಳವಾಗಿ ಮೊದಲೇ ಇದ್ದಿರಬೇಕು ಎಂಬುದು ಬಹುಪಾಲು ವಿಜ್ಞಾನಿಗಳ ಎಣಿಕೆ. ನಿರೋಧಕ ತಳಿ ಬಿತ್ತಿದಾಗ ಉಳಿದವಕ್ಕೆಲ್ಲ ಬಾಗಿಲು ಮುಚ್ಚಿತು, ಈ ವಿರಳ ಕೆಲವಕ್ಕೆ ಇಡೀ ಹೊಲ ಸಿಕ್ಕಿತು. ಮರುವರ್ಷ ಅದೇ ತಳಿ, ಮತ್ತೆ ಅದೇ. ಒಂದು ಗಡ್ಡೆ ನೂರಾರು ಕೋಟಿ ಬೀಜಾಣು ಹೆರುವಾಗ ವಿರಳವಾದದ್ದು ಬಹುಸಂಖ್ಯಾತವಾಗಲು ಹೆಚ್ಚು ಕಾಲ ಬೇಕಿಲ್ಲ. ಇದು ಅನಿರೀಕ್ಷಿತವೂ ಆಗಿರಲಿಲ್ಲ. ಒಂದೇ ನಿರೋಧಕ ಗಿಡಕ್ಕೆ ಮತ್ತೆ ಮತ್ತೆ ಸೋಂಕು ತಗುಲಿಸಿದರೆ ರೋಗದ ತೀವ್ರತೆ ಏರುತ್ತ ಹೋಗುತ್ತದೆ ಎಂದು ಸ್ಟ್ರೆಲ್ಕೊವ್ ಅವರನ್ನೊಳಗೊಂಡ ತಂಡವೊಂದು ಹಸಿರುಮನೆಯ ಕುಂಡಗಳಲ್ಲಿ ತೋರಿಸಿ, 2012ರಲ್ಲೇ ಪ್ರಕಟಿಸಿತ್ತು. ಮರುವರ್ಷವೇ ಹೊಲದಲ್ಲೂ ಗಡ್ಡೆ ಸಿಕ್ಕಿತು. ಮಣ್ಣಿನಲ್ಲಿ ವೈವಿಧ್ಯ ತುಂಬಿ ತುಳುಕುತ್ತಿತ್ತು, ಮೇಲಿನ ಬೆಳೆಯಲ್ಲಿ ವೈವಿಧ್ಯವೇ ಇರಲಿಲ್ಲ. ಇದನ್ನು ರೋಗದ ದೌರ್ಜನ್ಯ ಎನ್ನುವುದಕ್ಕಿಂತ ನಾವೇ ಬಿತ್ತಿ ಬೆಳೆದ ಫಸಲು ಎನ್ನಬೇಕು.

ನಿರೋಧಕ ಜೀನುಗಳು ಬಂದದ್ದು ಎಲ್ಲಿಂದ? ಯೂರೋಪಿನಲ್ಲಿ ದನಗಳ ಮೇವಿಗೆಂದು ಬೆಳೆಯುತ್ತಿದ್ದ ಟರ್ನಿಪ್‌ಗಳಿಂದ. ಗೆಲ್ರಿಯಾ, ಸಿಲೋಗಾ ಎಂಬಂಥ ಹೆಸರಿನವು. ಸಾಲು ಸಾಲು ಕೋಸಿನ ಜಾತಿಗಳು ಗಡ್ಡೆ ಕಟ್ಟಿ ಕೊಳೆಯುವಾಗ ಈ ಮೇವಿನ ಟರ್ನಿಪ್‌ಗಳು ತಣ್ಣಗೆ ನಿಂತಿರುತ್ತಿದ್ದವು. ಕ್ಯಾನೋಲಾಕ್ಕೂ ಟರ್ನಿಪ್ಪಿಗೂ ರಕ್ತಸಂಬಂಧವಿದೆ. ನಾಗಹಾರು ಯು ಎಂಬ ವಿಜ್ಞಾನಿ 1935ರಲ್ಲಿ ತೋರಿಸಿದ ಹಾಗೆ, ಟರ್ನಿಪ್ಪಿನ ಕುಲವೂ ಎಲೆಕೋಸಿನ ಕುಲವೂ ಕೂಡಿ ಹುಟ್ಟಿದ್ದು ಕ್ಯಾನೋಲಾದ ಕುಲ. ಈ ಹಾದಿಯಲ್ಲೇ ತಳಿ ತಜ್ಞರು ಜೀನನ್ನು ದಾಟಿಸಿದರು. ಯೂರೋಪಿನಲ್ಲಿ ‘ಮೆಂಡೆಲ್’ ಎಂಬ ರೇಪ್‌ಸೀಡ್ ತಳಿ ಬಂತು. ಜಪಾನಿನವರು ಅದಕ್ಕೂ ಮುಂಚೆಯೇ ಟರ್ನಿಪ್ಪಿನ ಜೀನನ್ನು ಚೀನೀ ಕೋಸಿಗೆ ಸೇರಿಸಿ ತಳಿ ಮಾಡಿದ್ದರು, ಮುರಿದುಬಿದ್ದದ್ದನ್ನೂ ಕಂಡಿದ್ದರು. ಎಲೆಕೋಸಿನ ಪಾಡು ಇನ್ನೂ ಕಷ್ಟ. ಅದರ ಸ್ವಂತ ಕುಲದಲ್ಲಿ ಗಟ್ಟಿಯಾದ ಒಂಟಿ ಜೀನು ಅಪರೂಪ. ಇರುವ ನಿರೋಧ ಹಲವು ಸಣ್ಣ ಸಣ್ಣ ಜೀನುಗಳಲ್ಲಿ ಹಂಚಿಹೋಗಿದೆ. ಒಟ್ಟುಗೂಡಿಸಲು ತಲೆಮಾರುಗಟ್ಟಲೆ ಸಂಕರ ಮಾಡಬೇಕು. ಹಾಗೆ ಕೂಡಿಸಿದ್ದು ಬೇಗ ಮುರಿಯಲಿಕ್ಕಿಲ್ಲ ಎಂಬ ಆಸೆಯಂತೂ ಇದೆ.

ಟರ್ನಿಪ್ಪಿನ ಈ ಜೀನುಗಳು ಬಹುಪಾಲು ಕಾವಲುಗಾರರು. ಪರಾವಲಂಬಿ ಒಳಕ್ಕೆ ಕಳಿಸುವ ಒಂದು ನಿರ್ದಿಷ್ಟ ಪ್ರೋಟೀನಿನ ಗುರುತು ಹಿಡಿದು ಕೂಗುತ್ತಾರೆ. ಪರಾವಲಂಬಿ ಆ ಪ್ರೋಟೀನನ್ನು ಕೊಂಚ ತಿದ್ದಿದರೆ, ಇಲ್ಲವೇ ಕೈಬಿಟ್ಟರೆ, ಕಾವಲುಗಾರನಿಗೆ ಗುರುತು ಸಿಗುವುದಿಲ್ಲ. 2023ರಲ್ಲಿ ಚೀನಾದ ವಿಜ್ಞಾನಿಗಳು ಅರಾಬಿಡಾಪ್ಸಿಸ್ ಎಂಬ ಸಣ್ಣ ಕಳೆಗಿಡದಲ್ಲಿ ಬೇರೆ ಜಾತಿಯ ರಕ್ಷಕನೊಂದನ್ನು ಪತ್ತೆಮಾಡಿದರು. ಪ್ರಾಚೀನ ಚೀನಾದ ಸೇನಾಪತಿಯೊಬ್ಬನ ಹೆಸರಿಟ್ಟು ಅದನ್ನು ‘ವೇಯ್ ಚಿಂಗ್’ ಎಂದು ಕರೆದರು. ಬೇರಿನ ನಡುವಿನ ಕಂಬವನ್ನು, ನೀರು ಸಕ್ಕರೆ ಹರಿಯುವ ನಾಳಗಳಿರುವ ಭಾಗವನ್ನು, ಸುತ್ತುವರಿದ ಪದರದಲ್ಲಿ ಅದು ಹುಟ್ಟುತ್ತದೆ. ಅದರ ಐದು ಪ್ರತಿಗಳು ಸೇರಿ ನಡುವೆ ರಂಧ್ರವಿಟ್ಟು ನಿಲ್ಲುತ್ತವೆ. ಆ ರಂಧ್ರದಿಂದ ಕ್ಯಾಲ್ಸಿಯಂ ಹರಿದು ಕೋಶ ಯುದ್ಧಕ್ಕೆ ಸಜ್ಜಾಗುತ್ತದೆ. ಹಲವು ಕುಲಗಳನ್ನು ಅದು ತಡೆಯಿತು. ಹೊಲದಲ್ಲಿ ಎಷ್ಟು ವರ್ಷ ತಡೆದೀತು ಎಂಬುದು ಹೊಲಕ್ಕೆ ಬಿಟ್ಟದ್ದು.

ಸೆಪ್ಟೆಂಬರ್ ಹೊತ್ತಿಗೆ ಕಟಾವಾದ ಹೊಲಗಳಲ್ಲಿ ಸಮೀಕ್ಷೆಯವರು ಓಡಾಡುತ್ತಾರೆ. ಕಾಲಿಗೆ ಬಿಸಾಡುವ ಪ್ಲಾಸ್ಟಿಕ್ ಚೀಲ, ಕೈಯಲ್ಲಿ ಸಲಿಕೆ. ಇಂಗ್ಲಿಷಿನ ಡಬ್ಲ್ಯೂ ಅಕ್ಷರದ ದಾರಿಯಲ್ಲಿ ನಡೆಯುತ್ತ ಅಲ್ಲಲ್ಲಿ ನಿಂತು ಕೂಳೆ ಕೀಳುತ್ತಾರೆ, ಬೇರು ನೋಡುತ್ತಾರೆ, ಅಂಕ ಬರೆಯುತ್ತಾರೆ. ಹೊರಡುವಾಗ ಸಲಿಕೆ ಉಜ್ಜಿ ಬ್ಲೀಚ್ ನೀರಿನಲ್ಲಿ ಅದ್ದುತ್ತಾರೆ. 2018ರ ಹೊತ್ತಿಗೆ ಆಲ್ಬರ್ಟಾದಲ್ಲಿ ರೋಗ ಸಿಕ್ಕ ಹೊಲಗಳ ಒಟ್ಟು ಲೆಕ್ಕ ಮೂರು ಸಾವಿರ ದಾಟಿತ್ತು. ರೈತರು ಗೇಟಿನ ಹತ್ತಿರದ ತುಂಡಿಗೆ ಹುಲ್ಲು ಬಿತ್ತುತ್ತಾರೆ, ಕೆಲವರು ಸುಣ್ಣ ಹಾಕಿ ಮಣ್ಣಿನ ಹುಳಿ ಇಳಿಸುತ್ತಾರೆ. ಎರಡು ವರ್ಷ ಕ್ಯಾನೋಲಾ ಬಿಟ್ಟರೆ ಬೀಜಾಣುಗಳ ಬಹುಪಾಲು ಸಾಯುತ್ತವೆ ಎಂದು ಕೆನಡಾದ ಅಧ್ಯಯನಗಳು ಹೇಳುತ್ತವೆ. ಉಳಿದವು ಹಟಮಾರಿಗಳು: ಸೋಂಕು ಪೂರ್ತಿ ಇಳಿಯಲು ಹದಿನೇಳು ವರ್ಷಕ್ಕೂ ಮೇಲೆ ಬೇಕೆಂದು ಸ್ವೀಡನ್ನಿನಲ್ಲಿ 1996ರಲ್ಲಿ ಲೆಕ್ಕ ಹಾಕಿದ್ದರು.

ಚಳಿಗಾಲದಲ್ಲಿ ಬೀಜ ಕೊಳ್ಳುವ ಮಾತು ನಡೆಯುತ್ತದೆ. ಚೀಲದ ಮೇಲೆ ‘ಆರ್’ ಎಂದಿರುತ್ತದೆ, ನಿರೋಧಕ ಎಂದು ಅರ್ಥ. ರೋಗಕ್ಕೆ ಸುಲಭವಾಗಿ ತುತ್ತಾಗುವ ತಳಿಯೊಂದನ್ನು ಪಕ್ಕದಲ್ಲಿ ಬೆಳೆಸಿ, ಅದರಲ್ಲಿ ಕಂಡ ರೋಗದ ಶೇಕಡಾ 30ಕ್ಕಿಂತ ಕಡಿಮೆ ಬಂದರೆ ಆ ಅಕ್ಷರ ಕೊಡುತ್ತಾರೆ. ಸೊನ್ನೆ ಬರಬೇಕೆಂದಿಲ್ಲ. ಅದೂ ಹಳೆಯ ಐದು ಕುಲಗಳೆದುರಿನ ಪರೀಕ್ಷೆ; 3ಎ ಬಂದರೆ ಏನು ಗತಿ ಎಂದು ಆ ಅಕ್ಷರ ಹೇಳುವುದಿಲ್ಲ. ಒಮ್ಮೆ ಬಿತ್ತಿದ ಜೀನನ್ನೇ ಮತ್ತೆ ಬಿತ್ತಬೇಡಿ, ಬದಲಿಸಿ ಎಂದು ಸಲಹೆ ಕೊಡುತ್ತಾರೆ. ಒಳ್ಳೆಯ ಸಲಹೆಯೇ. ಆದರೆ ಚೀಲದೊಳಗಿರುವುದು ಯಾವ ಜೀನು ಎಂದು ರೈತನಿಗೆ ಹೇಳುವ ಕಂಪನಿಗಳು ಕಡಿಮೆ. ‘ಎರಡನೆಯ ತಲೆಮಾರಿನ ನಿರೋಧ’ ಎಂಬಂಥ ಮಾತಿನಲ್ಲಿ ಮುಗಿಸುತ್ತಾರೆ. ಗೊಬ್ಬರದ ಚೀಲದ ಮೇಲೆ ಸಾರಜನಕ ಎಷ್ಟು, ರಂಜಕ ಎಷ್ಟು ಎಂದು ಅಂಕಿ ಅಚ್ಚು ಹಾಕುತ್ತಾರಲ್ಲ, ಬೀಜದ ಚೀಲದ ಮೇಲೆ ಜೀನಿನ ಹೆಸರು ಹಾಕಲು ಏನು ಅಡ್ಡಿ?